ಹಕ್ಕಲು

ಬೆಳಿಗ್ಗೆ ಬೈಬಲಿನಲ್ಲಿ ರೂತಳ ಪುಸ್ತಕದ 2ನೇ ಅಧ್ಯಾಯ ಓದಿದೆ. ಎಷ್ಟೋ ಸಲ ಓದಿದ್ದೇ. ಆದರೆ ನಿನ್ನೆ ಸಿಂದಗಿ ಕಡೆ ಹೋಗಿದ್ದೆ, ಅದಕ್ಕೇ ಇವತ್ತು ಬೇರೆ ಥರ ಕಂಡಿತು.

ಬಿಳಿಜೋಳದ ತೆನೆ ಮುರಿದು ಮುಗಿದ ಹೊಲ. ಒಬ್ಬ ಅಜ್ಜಿ ಕರಿಮಣ್ಣಿನ ಬಿರುಕಿನೊಳಗೆ ಬೆರಳು ಹಾಕಿ ಒಂದು ಸಣ್ಣ ತೆನೆ ತೆಗೆದಳು. ಉಫ್ ಅಂತ ಊದಿ ಸೆರಗಿಗೆ ಹಾಕಿಕೊಂಡಳು. ಕೇಳಿದ್ದಕ್ಕೆ "ಹಕ್ಕಲಾ ಆರಸಾಕ ಬಂದೀನವ್ವಾ" ಅಂದಳು.

ರೂತಳೂ ಹಕ್ಕಲು, ಅಂದ್ರೆ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆ, ಆಯಲು ಹೋದವಳೇ ಅಲ್ವಾ? ಗಂಡ ಸತ್ತ ಹೆಣ್ಣು, ಮೋವಾಬ್ ದೇಶದಿಂದ ಪರದೇಶಿಯಾಗಿ ಬೆತ್ಲೆಹೇಮಿಗೆ ಬಂದವಳು. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲೇ ಇದೆ. ಆ ಹೊಲದ ಯಜಮಾನ ಬೋವಜ ಇನ್ನೂ ಮುಂದೆ ಹೋದ. ಸಿವುಡುಗಳಿಂದ, ಅಂದ್ರೆ ತೆನೆಯ ಕಟ್ಟುಗಳಿಂದ, ಬೇಕಂತಲೇ ತೆನೆ ಎಳೆದು ಬೀಳಿಸಿ, ಅವಳನ್ನು ಗದರಿಸಬೇಡಿ ಅಂತ ತನ್ನ ಆಳುಗಳಿಗೆ ಅಂದ. ಕೊಟ್ಟದ್ದು ಗೊತ್ತಾಗದ ಹಾಗೆ ಕೊಡುವುದು ಎಂಥ ದೊಡ್ಡ ಮನಸ್ಸು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ವಚನ. ಊಟದ ಹೊತ್ತಿಗೆ ಬೋವಜ ಅವಳಿಗೆ ಹುರಿದ ಕಾಳು ಕೊಡುತ್ತಾನೆ. ಎಳೆ ಜೋಳದ ತೆನೆ ಸುಟ್ಟು ತಿನ್ನುವ ನಮ್ಮ ಸೀತನಿ ನೆನಪಾಯಿತು. ರೂತಳು ಹೊಟ್ಟೆ ತುಂಬ ತಿಂದು, ಉಳಿದದ್ದನ್ನು ತೆಗೆದಿಟ್ಟು, ಸಂಜೆ ಅತ್ತೆ ನೊವೊಮಿಗೆ ಕೊಡುತ್ತಾಳೆ. ದಿನವೆಲ್ಲ ಬಗ್ಗಿ ದಣಿದವಳಿಗೆ ಮನೆಯಲ್ಲಿ ಹಸಿದು ಕೂತವಳ ನೆನಪಿತ್ತು. ಓದುತ್ತಾ ಕಣ್ಣು ತುಂಬಿ ಬಂತು.

ತಕ್ಷಣ ಊರಲ್ಲಿರುವ ಅತ್ತೆಗೆ ಫೋನ್ ಹಚ್ಚಿದೆ. ಸುಮ್ನೆ, ಉಂಡ್ರಾ ಅಂತ ಕೇಳಲಿಕ್ಕೆ.