ಅನುದಾನ ಎಲ್ಲಿ ಸಿಗುತ್ತದೆ, ಸರ್?

ವಾರಕ್ಕೆ ಒಂದೆರಡು ಸಲವಾದರೂ ಈ ಫೋನ್ ಬರುತ್ತದೆ. ಮಾತನಾಡುವವರು ಕುಷ್ಟಗಿಯವರಿರಬಹುದು, ಸಿಂಧನೂರಿನವರಿರಬಹುದು, ಸಂಡೂರು ಕಡೆಯ ಯಾವುದೋ ಯುವಕ ಸಂಘದವರಿರಬಹುದು. ಮಳೆ, ಬೆಳೆ, ಕಾಲುವೆ ನೀರು ಎಲ್ಲ ವಿಚಾರಿಸಿ ಮುಗಿದ ಮೇಲೆ ಒಂದು ಸಣ್ಣ ಮೌನ. ಆಮೇಲೆ, "ಊರಲ್ಲಿ ಆರೋಗ್ಯದ ಕೆಲಸ ಮಾಡಬೇಕೆಂದಿದ್ದೇವೆ. ಟ್ರಸ್ಟ್ ನೋಂದಣಿಯಾಗಿದೆ, ಲೆಟರ್‌ಹೆಡ್ ಕೂಡ ಮಾಡಿಸಿದ್ದೇವೆ. ಅನುದಾನ ಎಲ್ಲಿ ಸಿಗುತ್ತದೆ, ಸರ್?"

ಕೊಪ್ಪಳದಲ್ಲಿ ಕುಳಿತು ಸಣ್ಣಪುಟ್ಟ ಸಂಸ್ಥೆಗಳ ಲೆಕ್ಕಪತ್ರ ನೋಡುವುದು, ಪ್ರಸ್ತಾವನೆ ಬರೆದುಕೊಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನ್ನ ಪಾಲಿಗೆ ಬಂದಿದೆ. ನಾನು ಉತ್ತರ ಕೊಡುವ ಬದಲು ಮರುಪ್ರಶ್ನೆ ಹಾಕುತ್ತೇನೆ: "ನಿಮ್ಮೂರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಪಾಸ್‌ಬುಕ್ ನೋಡಿದ್ದೀರಾ?" ಹತ್ತರಲ್ಲಿ ಒಂಬತ್ತು ಜನಕ್ಕೆ ಹಾಗೊಂದು ಸಮಿತಿ ಇರುವುದೇ ಗೊತ್ತಿರುವುದಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೆಂದರೆ ಇದೇ.

ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಈ ಸಮಿತಿಗೆ ವರ್ಷಕ್ಕೆ ಗರಿಷ್ಠ 10,000 ರೂಪಾಯಿ ಮುಕ್ತ ನಿಧಿ ಇದೆ. ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಬಿಗಿ ಕಟ್ಟು ಅದಕ್ಕಿಲ್ಲ. ಪಂಚಾಯಿತಿ ಸದಸ್ಯರು ಮತ್ತು ಆಶಾ ಕಾರ್ಯಕರ್ತೆ ಜಂಟಿಯಾಗಿ ಸಹಿ ಮಾಡುವ ಖಾತೆ ಅದು. ಹಿಂದಿನದು ಖರ್ಚಾದಷ್ಟನ್ನು ಮತ್ತೆ ತುಂಬಿಕೊಡುವ ಪದ್ಧತಿಯಾದ್ದರಿಂದ, ಮುಟ್ಟದೆ ಇಟ್ಟರೆ ಬೆಳೆಯುವುದೂ ಇಲ್ಲ. ಒಂದು ಊರಿನಲ್ಲಿ ಆಶಾ ಕಾರ್ಯಕರ್ತೆ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗಿಂದ ಪಾಸ್‌ಬುಕ್ ತೆಗೆದು ನನ್ನ ಮುಂದಿಟ್ಟಿದ್ದರು. ಫಿನಾಯಿಲ್, ಬ್ಲೀಚಿಂಗ್ ಪುಡಿ, ಮತ್ತೆ ಫಿನಾಯಿಲ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ. "ಮೇಡಂ, ಈ ಕುರ್ಚಿ ಎಲ್ಲಿವೆ?" ಎಂದೆ. "ಸದಸ್ಯರ ಮನೆಯಲ್ಲಿ, ಸಭೆ ಅಲ್ಲೇ ನಡೆಯುತ್ತದಲ್ಲ," ಎಂದರು. ನಗು ಬಂದರೂ ತಡೆದುಕೊಂಡೆ. ಕುರ್ಚಿ ಎಲ್ಲಿದೆ ಎಂದು ಕೇಳುವವರು ಆ ಊರಿನಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ.

ಹತ್ತು ಸಾವಿರದಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ನಾನೂ ಮುರಿದವನೇ. ನಾನು ಬರೆದ ಮೊದಲ ಪ್ರಸ್ತಾವನೆಯಲ್ಲಿ ಹನ್ನೆರಡು ಲಕ್ಷ ಕೇಳಿದ್ದೆ. "ಗ್ರಾಮೀಣ ಜನರಲ್ಲಿ ಆರೋಗ್ಯ ಜಾಗೃತಿ ಮೂಡಿಸಿ ಸರ್ವಾಂಗೀಣ ಅಭಿವೃದ್ಧಿ ಸಾಧಿಸುವುದು" ಎಂಬ ಉದ್ದೇಶ, ಯೋಗ ಶಿಬಿರ, ಕರಪತ್ರ, ಬೀದಿನಾಟಕ, ಕೊನೆಗೆ ಸಮಾರೋಪಕ್ಕೆ ಶಾಮಿಯಾನ. ಹಣ ಕೊಡುವ ಸಂಸ್ಥೆಯ ಅಧಿಕಾರಿ ಪೂರ್ತಿ ಓದಿ ಒಂದೇ ಮಾತು ಕೇಳಿದರು. "ಊರಿನಲ್ಲಿ ಮೊಣಕಾಲು ಹಿಡಿದುಕೊಂಡವರು ಬಹಳ ಎಂದು ಬರೆದಿದ್ದೀರಿ. ಬಹಳ ಎಂದರೆ ಎಷ್ಟು? ಯಾರು ಎಣಿಸಿದರು?"

ಯಾರೂ ಎಣಿಸಿರಲಿಲ್ಲ. ವಾಪಸು ಬಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡೆ.

ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಮೂಡುತ್ತದೆ, ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಇದನ್ನು ಊರಲ್ಲೇ ಗುರುತಿಸಲು ಯಂತ್ರ ಬೇಕಿಲ್ಲ, ಮೂರು ಸರಳ ಪರೀಕ್ಷೆಗಳಿವೆ. ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟಬೇಕು, ಗದ್ದವನ್ನು ಎದೆಗೆ ತಾಗಿಸಬೇಕು, ಕೈ ಚಾಚಿ ಮಡಚಿ ತಲೆಯ ಹಿಂಭಾಗ ಮುಟ್ಟಬೇಕು. ಆಗದವರನ್ನು ವೈದ್ಯರಿಗೆ ತೋರಿಸಬೇಕು, ಅಷ್ಟೇ.

ಆಶಾ ಕಾರ್ಯಕರ್ತೆ ಮುಂದೆ, ನಾನು ಹಿಂದೆ, ಓಣಿ ಓಣಿ ತಿರುಗಿದೆವು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜನಿಗೆ ಗದ್ದ ಎದೆಗೆ ಮುಟ್ಟಿಸಿ ಎಂದೆವು. ಅರ್ಧಕ್ಕೇ ನಿಂತಿತು. "ಈ ಗೋಣು ಬಗ್ಗುವಂತಿದ್ದರೆ ಇಷ್ಟೊತ್ತಿಗೆ ನಾನು ಪಂಚಾಯಿತಿ ಅಧ್ಯಕ್ಷನಾಗಿರುತ್ತಿದ್ದೆ," ಎಂದ. ಕಟ್ಟೆಯೆಲ್ಲ ನಕ್ಕಿತು. ಅವನ ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಮಾತ್ರ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಷ್ಟು ಹೊತ್ತಿಗೆ ನನಗೆ ಆ ಕೈ ಏಕೆ ಮೇಲೆ ಹೋಗುತ್ತದೆ ಎಂದು ತಿಳಿದಿತ್ತು. ಶಾಲೆಯ ಗುಂಪು ಫೋಟೋದಲ್ಲೂ ಬಾಯಿ ತೆರೆದು ನಕ್ಕ ಮಕ್ಕಳು ಎರಡೋ ಮೂರೋ.

ನೋಟ್‌ಬುಕ್, ಪೆನ್ನು, ನೀರಿನ ಮಾದರಿ ಒಯ್ಯಲು ಬಾಟಲಿ, ಪ್ರಯೋಗಾಲಯಕ್ಕೆ ಹೋಗಿಬರುವ ಬಸ್ ಚಾರ್ಜು, ಎಲ್ಲ ಅದೇ ಹತ್ತು ಸಾವಿರದ ಖಾತೆಯಿಂದ, ಠರಾವು ಬರೆದು, ರಸೀದಿ ಅಂಟಿಸಿ. ಎರಡನೆಯ ಸಲ ಪ್ರಸ್ತಾವನೆ ನಾಲ್ಕೇ ಪುಟವಿತ್ತು. ಶಾಮಿಯಾನ ಹೋಗಿತ್ತು. ಯಾವ ಓಣಿಯ ಯಾವ ಕೊಳವೆಬಾವಿ, ಎಷ್ಟು ಮನೆ, ಎಷ್ಟು ಮಕ್ಕಳ ಹಲ್ಲು, ಎಷ್ಟು ಜನರ ಗೋಣು ಎಂದಷ್ಟೇ ಇತ್ತು. ಕೇಳಿದ್ದು ಮೊದಲಿನದರ ಮೂರನೇ ಒಂದು ಭಾಗ. ಸಿಕ್ಕಿತು.

ಇನ್ನು ದೊಡ್ಡ ಹಣದ ಮಾತು. ಎಲ್ಲರ ಕಣ್ಣೂ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದ ಮೇಲೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ತಾನಿರುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಮಿನಲ್ಲಿದೆ. ಗಣಿ, ಉಕ್ಕಿನ ಕಾರ್ಖಾನೆಗಳಿರುವ ತೋರಣಗಲ್ಲು, ದೋಣಿಮಲೈ, ಹಟ್ಟಿ, ಗಿಣಿಗೇರಾ ಸುತ್ತಲಿನವರು ಈ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ರಾಯಚೂರಿನವರಿಗೆ ಇನ್ನೊಂದು ಆಸರೆಯಿದೆ. 2018ರಿಂದ ಆ ಜಿಲ್ಲೆ, ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಮಾಡಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಯಲ್ಲಿದ್ದು, ದೂರದ ಕಂಪನಿಗಳೂ ಆ ಪಟ್ಟಿ ಹಿಡಿದು ಹುಡುಕಿಕೊಂಡು ಬರುತ್ತವೆ.

ಆದರೆ ನಿನ್ನೆ ನೋಂದಾಯಿಸಿದ ಟ್ರಸ್ಟಿಗೆ ಈ ಬಾಗಿಲು ತೆರೆಯುವುದಿಲ್ಲ. ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ, ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಯಾಗಿ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಹೆಸರು ನೋಂದಾಯಿಸುವ ಸಿಎಸ್‌ಆರ್-1 ನಮೂನೆ, ಅದರ ಮೇಲೆ ಕನಿಷ್ಠ ಮೂರು ವರ್ಷ ಅಂಥದ್ದೇ ಕೆಲಸ ಮಾಡಿದ ದಾಖಲೆ ಬೇಕು. ವಿದೇಶಿ ದೇಣಿಗೆಯ ಆಸೆಯಂತೂ ಸದ್ಯಕ್ಕೆ ಬಿಡಿ. ಅದಕ್ಕೆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿ ತೋರಿಸಬೇಕು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರೇ ನನಗೆ ಹೆಚ್ಚಾಗಿ ಫೋನ್ ಮಾಡುವುದು. ಲೆಟರ್‌ಹೆಡ್ ಇರುತ್ತದೆ, ಲೆಕ್ಕಪರಿಶೋಧನೆಯ ವರದಿ ಇರುವುದಿಲ್ಲ.

ಸಂಡೂರಿನವರು ಜಿಲ್ಲಾ ಖನಿಜ ಪ್ರತಿಷ್ಠಾನದ ಬಗ್ಗೆ ಕೇಳುತ್ತಾರೆ. ಗಣಿಗಾರಿಕೆಯಿಂದ ಬಾಧಿತವಾದ ಊರುಗಳಿಗಾಗಿ, ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದದ್ದು ಅದು. ಹಳೆಯ ಗಣಿ ಗುತ್ತಿಗೆದಾರರು ರಾಜಧನದ (ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಕಟ್ಟುತ್ತಾರೆ. ಆರೋಗ್ಯ ಮತ್ತು ಕುಡಿಯುವ ನೀರು ಅದರ ಆದ್ಯತೆಯ ಪಟ್ಟಿಯಲ್ಲೇ ಇವೆ. ಹಣ ಬಹುಮಟ್ಟಿಗೆ ಇಲಾಖೆಗಳ ಮೂಲಕ ಖರ್ಚಾಗುವುದರಿಂದ ನಿಮ್ಮ ಟ್ರಸ್ಟಿನ ಖಾತೆಗೆ ಬೀಳುತ್ತದೆ ಎಂದು ಕಾಯಬೇಡಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿ ಇಟ್ಟುಕೊಂಡು, ಬೆನ್ನು ಹತ್ತಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣಕ್ಕೂ ಹೆಚ್ಚುಕಡಿಮೆ ಇದೇ ದಾರಿ.

ಹೊಗೆ, ದೂಳು ಕೊಡುವವರಿಂದಲೇ ಹಣ ಪಡೆಯಬಹುದೇ ಎಂದು ಕೆಲವರು ಸಂಕೋಚದಿಂದ ಕೇಳುತ್ತಾರೆ. ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆ ಸಂಜೆಗೆ ಕಪ್ಪಾಗುವ ಊರಿನವರು ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಲೆಕ್ಕ ಇಷ್ಟು: ಕೆಲಸ ಗರ್ಭಿಣಿಯರ ರಕ್ತಹೀನತೆಯದ್ದಾದರೆ ಪಡೆಯಿರಿ, ಕೆಮ್ಮಿನದ್ದಾದರೆ ಬೇಡ. ಕೆಮ್ಮು ಎಣಿಸಲು ಅವರ ಹಣ ಪಡೆದರೆ, ಎಣಿಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಊರು ನಂಬುವುದಿಲ್ಲ. ಇದನ್ನು ಒಪ್ಪದ ಗೆಳೆಯರು ನನಗಿದ್ದಾರೆ.

ಫೆಬ್ರುವರಿಯ ಫೋನಿನ ಬಗ್ಗೆಯೂ ಎಚ್ಚರಿಸಬೇಕು. ಆರ್ಥಿಕ ವರ್ಷ ಮುಗಿಯುತ್ತ ಬಂದಾಗ ಖರ್ಚಾಗದ ಹಣ ಹಿಡಿದವರು ಥಟ್ಟನೆ ನೆನಪಿಸಿಕೊಳ್ಳುತ್ತಾರೆ. "ಮಾರ್ಚ್ 31ರೊಳಗೆ ಮುಗಿಸುತ್ತೀರಾ?" ಒಮ್ಮೆ ಹೂಂ ಎಂದು ಕಣ್ಣಿನ ಶಿಬಿರ ಮಾಡಿದೆ. ಫೋಟೋ, ಬ್ಯಾನರು, ಪತ್ರಿಕೆಯಲ್ಲಿ ಸುದ್ದಿ, ಹಣ ಬಳಕೆ ಪ್ರಮಾಣಪತ್ರ ಎಲ್ಲ ಮಾರ್ಚಿನಲ್ಲೇ ಆಯಿತು. ಕನ್ನಡಕ ಬಂದದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಅರ್ಧ ಊರು ದುಡಿಯಲು ಬೆಂಗಳೂರಿಗೆ ಹೋಗಿತ್ತು. ಹೆಸರು ಬರೆದ ಡಬ್ಬಿಗಳನ್ನು ಹಬ್ಬದವರೆಗೆ ನಮ್ಮ ಮನೆಯ ಅಟ್ಟದ ಮೇಲಿಟ್ಟಿದ್ದೆ.

ಕೊಡುವವರಿಗೆ ಹೆಸರು ಬರೆಸಲು ಜಾಗವಿರುವ ವಸ್ತು ಇಷ್ಟ: ಆಂಬುಲೆನ್ಸ್, ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ನಾಣ್ಯ ಹಾಕಿದರೆ ಕೊಡ ತುಂಬಬೇಕಾಗಿದ್ದ ಘಟಕಗಳು ಬೀಗ ಹಾಕಿಕೊಂಡು ನಿಂತಿರುವುದನ್ನು ನೀವೂ ನೋಡಿದ್ದೀರಿ. ಯಂತ್ರಕ್ಕೆ ಹಣ ಬಂದಿರುತ್ತದೆ, ಅದರೊಳಗೆ ನೀರು ಸೋಸುವ ಪೊರೆ ಬದಲಿಸಲು ಬಂದಿರುವುದಿಲ್ಲ. ಹಾಗಾಗಿ ನಾನು ಬರೆಯುವ ಅಂದಾಜುಪಟ್ಟಿಯಲ್ಲಿ ರಿಪೇರಿಯ ಸಾಲು ಮೊದಲು, ಮನೆ ಮನೆ ತಿರುಗುವ ಹೆಣ್ಣುಮಗಳ ಸಂಬಳದ ಸಾಲು ಎರಡನೆಯದು. ಆ ಸಾಲನ್ನು ಹೊಡೆದುಹಾಕಿ "ಸ್ವಯಂಸೇವೆ" ಎಂದು ಬರೆಯಲು ಹೇಳುವವರಿದ್ದಾರೆ. ಅಲ್ಲಿಗೆ ನಾನು ಎದ್ದು ಬರುತ್ತೇನೆ. ಊರಿನ ವಂತಿಗೆ ಬೇಡವೆಂದಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಬಂಡಿಗಟ್ಟಲೆ ಜೋಳದ ರೊಟ್ಟಿ ಹೊತ್ತು ತರುವ ಜನ ನಾವು, ನಮಗೆ ಕೊಡುವುದನ್ನು ಯಾರೂ ಕಲಿಸಬೇಕಿಲ್ಲ. ಆದರೆ ರೊಟ್ಟಿ ಬಡಿದವಳೇ ದಿನಗೂಲಿ ಬಿಟ್ಟು ವರ್ಷವಿಡೀ ಬಿಟ್ಟಿ ತಿರುಗಬೇಕು ಎನ್ನುವುದು ಯಾವ ಸೀಮೆಯ ಸೇವೆ?

ಕಳೆದ ವಾರ ಸಿಂಧನೂರು ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಇಷ್ಟೂ ಕಥೆ ಕೇಳಿ, ಸ್ವಲ್ಪ ನಿರಾಶೆಯಿಂದಲೇ, ಮೊದಲು ಪಾಸ್‌ಬುಕ್ ನೋಡುತ್ತೇನೆ ಎಂದ. ಶುಕ್ರವಾರ ಮತ್ತೆ ಫೋನ್ ಬಂತು. ಆಶಾ ಕಾರ್ಯಕರ್ತೆ ಸಿಕ್ಕಿದ್ದಾರೆ, ಪಾಸ್‌ಬುಕ್ಕೂ ಸಿಕ್ಕಿದೆ, ಎರಡು ವರ್ಷದಿಂದ ಅದರಲ್ಲಿ ಏನೂ ಮುದ್ರಣವಾಗಿಲ್ಲ. ಬ್ಯಾಂಕಿಗೆ ಹೋದರೆ ಯಂತ್ರ ಕೆಟ್ಟಿದೆಯಂತೆ, ಸೋಮವಾರ ಬರಲು ಹೇಳಿದ್ದಾರಂತೆ.