ಮೇಷ್ಟ್ರು ಹೇಳಿದ ಖುರಾನಾ

ಪಿಯುಸಿ ಪಠ್ಯದಲ್ಲಿ ವಿಜ್ಞಾನಿ ಹರಗೋಬಿಂದ್ ಖುರಾನಾ ಅವರಿಗೆ ಇದ್ದದ್ದು ಒಂದೇ ಸಾಲು: 1968ರಲ್ಲಿ ನೀರೆನ್‌ಬರ್ಗ್ ಮತ್ತು ಹಾಲಿ ಎಂಬ ವಿಜ್ಞಾನಿಗಳೊಂದಿಗೆ ನೊಬೆಲ್. ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಆ ಸಾಲನ್ನು ಓದಿ, ಪುಸ್ತಕ ಮುಚ್ಚಿ, ಹಿಂದಕ್ಕೆ ಹೋಗುತ್ತಿದ್ದರು. ಮುಲ್ತಾನ್ ಕಡೆಯ ರಾಯಪುರ, ಸುಮಾರು 100 ಜನರ ಹಳ್ಳಿ. ಓದುಬರಹ ಬಲ್ಲ ಮನೆಯೆಂದರೆ ಹೆಚ್ಚುಕಡಿಮೆ ಪಟವಾರಿಯಾಗಿದ್ದ (ಊರಿನ ಕಂದಾಯದ ಲೆಕ್ಕಿಗ) ಖುರಾನಾ ಅವರ ತಂದೆಯದೊಂದೇ. ಲಾಹೋರಿನಲ್ಲಿ ಎಂ.ಎಸ್ಸಿ., 1945ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಲಿವರ್‌ಪೂಲ್, ಪಿಎಚ್.ಡಿ., ಆಮೇಲೆ ಜ್ಯೂರಿಕ್‌ನಲ್ಲಿ ರಸಾಯನಶಾಸ್ತ್ರಜ್ಞ ಪ್ರೆಲಾಗ್ ಅವರ ಪ್ರಯೋಗಾಲಯ.

1949ಕ್ಕೆ ಬಂದಾಗ ಮೇಷ್ಟ್ರ ದನಿ ನಿಧಾನವಾಗುತ್ತಿತ್ತು. ಖುರಾನಾ ಭಾರತಕ್ಕೆ ಮರಳಿದ್ದರು. ಹುಟ್ಟಿದೂರು ಅಷ್ಟರಲ್ಲಿ ಪಾಕಿಸ್ತಾನಕ್ಕೆ ಸೇರಿತ್ತು. ಅಷ್ಟು ಕಲಿತು ಬಂದವರಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಮತ್ತೆ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರಜ್ಞ ಟಾಡ್ ಅವರ ಬಳಗ ಸೇರಿದರು. ನ್ಯೂಕ್ಲಿಯಿಕ್ ಆಮ್ಲಗಳ (ಡಿಎನ್‌ಎ, ಆರ್‌ಎನ್‌ಎ) ಆಸಕ್ತಿ ಬೇರೂರಿದ್ದು ಅಲ್ಲೇ. 1952ರಲ್ಲಿ ಕೆನಡಾದ ವ್ಯಾಂಕೂವರ್: ಸೌಲಭ್ಯ ಬಹಳ ಕಡಿಮೆ, ಸ್ವಾತಂತ್ರ್ಯ ಬೇಕಾದಷ್ಟು. 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್.

ಆಮೇಲೆ ಸೀಮೆಸುಣ್ಣ ಹಿಡಿದು ಬೋರ್ಡಿನುದ್ದಕ್ಕೂ ಯು, ಸಿ, ಯು, ಸಿ ಎಂದು ಬರೆಯುತ್ತಿದ್ದರು. ಪ್ರೋಟೀನ್ ಕಟ್ಟುವ ಸೂಚನೆ ಹೊತ್ತ ಆರ್‌ಎನ್‌ಎ ಸರಪಳಿಯ ಅಕ್ಷರಗಳು ಇವು. 'ಎರಡೆರಡು ಅಕ್ಷರ ಓದಿ, ಎಷ್ಟು ಬಗೆಯ ಪದ ಬರುತ್ತೆ?' ಒಂದೇ. 'ಮೂರುಮೂರು ಓದಿ.' ಯುಸಿಯು, ಸಿಯುಸಿ, ಎರಡು ಪದ ಸರದಿಯಂತೆ. ಖುರಾನಾ ಇಂಥ ಸರಪಳಿಯನ್ನು ತಯಾರಿಸಿ ನೋಡಿದಾಗ ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್ ಎಂದು ಎರಡು ಅಮೈನೋ ಆಮ್ಲಗಳು ಸರದಿಯಾಗಿ ಜೋಡಿಸಿಕೊಂಡ ಪ್ರೋಟೀನ್ ಎಳೆ ಹೊರಬಂತು. ಜೀವಕೋಶ ಮೂರಕ್ಷರದ ಪದಗಳನ್ನು ಓದುತ್ತದೆಂಬುದಕ್ಕೆ ಇದಕ್ಕಿಂತ ಚೆಂದದ ಪುರಾವೆ ನಾನು ಇವತ್ತಿಗೂ ಕಂಡಿಲ್ಲ. ನಾನು ಜೀವರಸಾಯನಶಾಸ್ತ್ರ ಹಿಡಿದದ್ದು ಆ ತರಗತಿಯಿಂದ.

ಮುಂದೆ ನಾನೂ ದೇಶ ಬಿಟ್ಟೆ. ಪಿಎಚ್.ಡಿ. ಸಲೀಸಾಗಿ ಮುಗಿಯಿತು. ಕಷ್ಟವಾದದ್ದು ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮುಗಿಯುವ ಹೊತ್ತು. ವೀಸಾ ಕೆಲಸಕ್ಕೆ ಗಂಟುಬಿದ್ದಿತ್ತು, ಮುಂದಿನ ಕೆಲಸ ಇರಲಿಲ್ಲ, ಅರ್ಜಿಗಳಿಗೆ ಉತ್ತರವೂ ಬರುತ್ತಿರಲಿಲ್ಲ. ಮೇಷ್ಟ್ರಿಗೆ ಉದ್ದದ ಪತ್ರ ಬರೆದೆ. ಅವರ ಉತ್ತರದಲ್ಲಿ ಸಮಾಧಾನದ ಮಾತೇ ಇರಲಿಲ್ಲ. 'ಪ್ರಯೋಗ ಎಲ್ಲಿಗೆ ಬಂತು? ವಿವರವಾಗಿ ಬರಿ' ಎಂದಿದ್ದರು. ಬರೆಯುತ್ತ ಹೋದಂತೆ, ಅರ್ಧಕ್ಕೇ ಬಿಟ್ಟಿದ್ದ ಒಂದು ಫಲಿತಾಂಶದ ಬೆಲೆ ನನಗೇ ಹೊಳೆಯಿತು. ಮುಂದೆ ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ನಾನು ಮಾತಾಡಿದ್ದೆಲ್ಲ ಅದರ ಮೇಲೆಯೇ.

ನೊಬೆಲ್ ಬಂದ ಮೇಲೂ ಖುರಾನಾ ಪ್ರಯೋಗಾಲಯದ ಬೆಂಚು ಬಿಡಲಿಲ್ಲ. 1976ರಲ್ಲಿ ಅವರ ತಂಡ ಕೈಯಾರೆ ಕಟ್ಟಿದ ಜೀನ್ ಬ್ಯಾಕ್ಟೀರಿಯಾದೊಳಗೆ ಕೆಲಸ ಮಾಡಿ ತೋರಿಸಿತು. ಮೇಷ್ಟ್ರಿಗೆ ಬಹುಮಾನಕ್ಕಿಂತ ಇದೇ ದೊಡ್ಡದು. ನನಗೂ ಅಷ್ಟೇ.

ಈ ವರ್ಷ ಹೊರದೇಶಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿಗಳು ಕಾಲೇಜಿನ ಮೂಲಕ ನನಗೆ ಬರೆಯಲಿ. ಗೈಡ್ ಆಯ್ಕೆ, ವೀಸಾ, ಎರಡು ಕೆಲಸಗಳ ನಡುವಿನ ಖಾಲಿ ತಿಂಗಳುಗಳು, ಯಾವುದರ ಬಗ್ಗೆಯಾದರೂ ಸರಿ. ಪ್ರಯೋಗ ಎಲ್ಲಿಗೆ ಬಂತೆಂದು ಮಾತ್ರ ಮೊದಲು ತಿಳಿಸಿ.