ಅನ್ಯಗ್ರಹದ ರಕ್ತಪಿಶಾಚಿಗೆ ಮನುಷ್ಯರ ರಕ್ತವೇ ಯಾಕೆ ಬೇಕು?

ವೈಜ್ಞಾನಿಕ ಕಥೆ ಬರೆಯಲು ಕೂತವರು ಮತ್ತೆ ಮತ್ತೆ ಕೇಳುವುದಿದು: "ನನ್ನ ಕಥೆಯಲ್ಲಿ ಒಂದು ಏಲಿಯನ್ ಭೂಮಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತೆ, ಬದುಕೋಕೆ ಮನುಷ್ಯರ ರಕ್ತ ಕುಡಿಯುತ್ತೆ. ಓದೋರು ನಂಬೋ ಹಾಗೆ ಮಾಡೋದು ಹೇಗೆ?" ಅದಕ್ಕೆ ನನ್ನದೊಂದು ಮರುಪ್ರಶ್ನೆ: ರಕ್ತದಲ್ಲಿರುವ ಯಾವ ಪದಾರ್ಥ ಅದಕ್ಕೆ ಬೇಕು? ಕೋರೆಹಲ್ಲು, ಕಪ್ಪು ನಿಲುವಂಗಿ ಎಲ್ಲ ಆಮೇಲೆ.

"ಹೊಟ್ಟೆ ತುಂಬೋಕೆ" ಅಂದರೆ ಲೆಕ್ಕ ಕೂಡುವುದಿಲ್ಲ. ರಕ್ತದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಲೀಟರಿಗೆ ಪ್ರೋಟೀನು ಸುಮಾರು 180 ಗ್ರಾಂ, ಸಕ್ಕರೆ ಒಂದು ಗ್ರಾಂ, ಕೊಬ್ಬು ಕೆಲವೇ ಗ್ರಾಂ. ಎಲ್ಲ ಸೇರಿ 700-800 ಕಿಲೋಕ್ಯಾಲೊರಿ. ಮನುಷ್ಯನ ಗಾತ್ರದ ಜೀವಿಗೆ ದಿನಕ್ಕೆ ಎರಡೂವರೆ ಲೀಟರ್ ಬೇಕು, ವಯಸ್ಕರೊಬ್ಬರ ಮೈಯಲ್ಲಿ ಇರುವುದೇ ಐದು ಲೀಟರ್. ಎರಡು ದಿನಕ್ಕೊಂದು ಹೆಣ ಬಿದ್ದರೆ ಅಲ್ಲಿ ಗುಟ್ಟಾಗಿ ಬದುಕುವ ಮಾತೆಲ್ಲಿ? ರಕ್ತ ಹೀರುವ ಬಾವಲಿಯನ್ನೇ ನೋಡಿ: ಒಂದೇ ರಾತ್ರಿ ತನ್ನ ತೂಕದ ಅರ್ಧದಷ್ಟು ಕುಡಿಯುತ್ತದೆ, ಭಾರ ಇಳಿಸಲು ಕುಡಿಯುತ್ತಿರುವಾಗಲೇ ಮೂತ್ರ ಬಿಡುತ್ತದೆ, ಎರಡು ಮೂರು ರಾತ್ರಿ ಸಿಗದಿದ್ದರೆ ಸಾಯುತ್ತದೆ. ಆರಡಿ ಎತ್ತರದ ನಾಯಕನಿಗೆ ಈ ದಿನಚರಿ ಕೊಟ್ಟರೆ ಭಯಾನಕ ರಸ ಹಾಸ್ಯಕ್ಕೆ ಜಾರುತ್ತದೆ.

ಇನ್ನೊಂದು ತೊಡಕೂ ಇದೆ. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ನಮ್ಮ ಎಡಗೈ-ಬಲಗೈಗಳ ಹಾಗೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪದಲ್ಲಿ ಇರಬಲ್ಲವು. ಭೂಮಿಯ ಪ್ರೋಟೀನುಗಳು ಎಡಗೈ ಜಾತಿಯವುಗಳಿಂದ ಕಟ್ಟಿದವು. ಆ ಜೀವಿಯದು ಬಲಗೈ ಜಾತಿಯಾಗಿದ್ದರೆ ಕುಡಿದ ಪ್ರೋಟೀನು ಜೀರ್ಣವೇ ಆಗದು.

ಹಾಗಾಗಿ ರಕ್ತವನ್ನು ಊಟ ಮಾಡಬೇಡಿ, ವಿಟಮಿನ್ ಮಾಡಿ. ಬರೀ ಕಬ್ಬಿಣ ಬೇಕು ಅಂತ ಬರೆದರೆ "ಐರನ್ ಮಾತ್ರೆ ಕೊಡಿ" ಅಂತ ಓದುಗ ಪುಸ್ತಕ ಮುಚ್ಚುತ್ತಾನೆ. ನನ್ನ ಆಯ್ಕೆ ಹೀಮ್: ಹಿಮೋಗ್ಲೋಬಿನ್ನಿನ ಒಳಗಿರುವ, ನಡುವೆ ಕಬ್ಬಿಣದ ಒಂದು ಪರಮಾಣು ಕೂತಿರುವ ಚಪ್ಪಟೆ ಉಂಗುರ. ಇದಕ್ಕೆ ಎಡ-ಬಲದ ಭೇದವಿಲ್ಲ. ಏಲಿಯನ್ ಮೈ ಇದನ್ನು ತಾನೇ ತಯಾರಿಸಲಾರದು ಅಂದುಕೊಳ್ಳಿ. 450 ಮಿಲಿ ರಕ್ತದಲ್ಲಿ ಎರಡು ಗ್ರಾಮಿಗಿಂತ ತುಸು ಹೆಚ್ಚು ಹೀಮ್ ಸಿಗುತ್ತದೆ. ವಾರಕ್ಕೆ ಅಷ್ಟು ಸಾಕು ಅಂದರೆ ವರ್ಷಕ್ಕೆ 52 ಸಲ. ಆರೋಗ್ಯವಂತರೊಬ್ಬರು ಮೂರು ತಿಂಗಳಿಗೊಮ್ಮೆ ಅಷ್ಟು ಕೊಡಬಹುದು, ಅಲ್ಲಿಗೆ 13 ಜನ. ಪಾತ್ರವರ್ಗ ತಾನಾಗಿಯೇ ಹುಟ್ಟಿತು. ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ. ಅಲ್ಲಿಗೇ ಸಂದೇಶ ಕಳಿಸಿದರೂ ಉತ್ತರಕ್ಕೆ ಎಂಟೂವರೆ ವರ್ಷ. ಅಷ್ಟು ಕಾಲ 13 ಜನರ ಬಾಯಿ ಮುಚ್ಚಿಸಬೇಕು, ಅವರಲ್ಲೊಬ್ಬರಿಗೆ ಜ್ವರ ಬಂದರೂ ಸರದಿ ತಪ್ಪುತ್ತದೆ.

ಉಳಿದ ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಇದನ್ನು ಬಹುತೇಕರು ಮರೆಯುತ್ತಾರೆ. ಪ್ರತಿ ಸಲಕ್ಕೂ 200 ಮಿಲಿಗ್ರಾಂ ದಾಟುತ್ತದೆ. ಮನುಷ್ಯನ ಇಡೀ ದೇಹದಲ್ಲಿರುವುದು 3-4 ಗ್ರಾಂ, ಆ ಏಲಿಯನ್ ಅಷ್ಟನ್ನು ನಾಲ್ಕೈದು ತಿಂಗಳಲ್ಲೇ ಕುಡಿದಿರುತ್ತದೆ. ಹೆಚ್ಚಾದ ಕಬ್ಬಿಣ ವಿಷ, ಹೊರಹಾಕಲೇಬೇಕು. ಬೆವರಿನಲ್ಲಿ ಹಾಕಲಿ. ಬಿಳಿ ತಲೆದಿಂಬಿನ ಮೇಲೆ ಕಿವಿಯ ಆಕಾರದಲ್ಲೇ ಮೂಡಿದ, ಸೋಪಿಗೆ ಬಿಡದ ತುಕ್ಕಿನ ಕಲೆ. ನಿಂಬೆರಸ ಹಚ್ಚಿದರೆ ಮಾತ್ರ ಮಸುಕಾಗುತ್ತದೆ. ಪತ್ತೇದಾರನಿಗೆ ಕುತ್ತಿಗೆ ಮೇಲಿನ ಎರಡು ತೂತಿಗಿಂತ ಇದು ಒಳ್ಳೆಯ ಸುಳಿವು.

ಇನ್ನು ಮೂಲ ಪ್ರಶ್ನೆ: ಕುರಿ ರಕ್ತ ಸಾಲದೇ? ಹೀಮ್ ಎರಡರಲ್ಲೂ ಒಂದೇ. ಆದರೆ ಹಸು, ಕುರಿ, ಹಂದಿ, ಕೊನೆಗೆ ಚಿಂಪಾಂಜಿಯ ಜೀವಕೋಶಗಳ ಮೇಲೂ ಒಂದು ಬಗೆಯ ಸಿಯಾಲಿಕ್ ಆಮ್ಲ (ಸಕ್ಕರೆ ಜಾತಿಯ ಒಂದು ಅಣು) ಇರುತ್ತದೆ. ಅದನ್ನು ತಯಾರಿಸುವ ಜೀನ್ ಮನುಷ್ಯರಲ್ಲಿ ಕೆಟ್ಟುಹೋಗಿದೆ. ನಿಮ್ಮ ಏಲಿಯನ್‌ಗೆ ಆ ಆಮ್ಲ ಅಲರ್ಜಿ ಅನ್ನಿ, ಕುರಿ ರಕ್ತವೂ ಮಾಂಸವೂ ಒಟ್ಟಿಗೇ ಪಟ್ಟಿಯಿಂದ ಹೊರಗೆ. ಕೋಳಿಯಲ್ಲಿ ಆ ಆಮ್ಲ ಇಲ್ಲವಲ್ಲ ಅಂತ ಚುರುಕು ಓದುಗ ಕೇಳಿಯೇ ಕೇಳುತ್ತಾನೆ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ಡಿಎನ್ಎ ತುಂಬಿದ ನ್ಯೂಕ್ಲಿಯಸ್ ಇರುತ್ತದೆ, ನಮ್ಮದರಲ್ಲಿ ಇಲ್ಲ. ಆ ಡಿಎನ್ಎ ಒಗ್ಗುವುದಿಲ್ಲ ಅನ್ನಿ. ಫೆರೆಟ್ ಎಂಬ ಪುಟ್ಟ ಪ್ರಾಣಿಯಲ್ಲೂ ಆ ಆಮ್ಲ ಇಲ್ಲ. ಅದನ್ನು ಹಿಡಿಯಲು ನಾಯಕ ಪರದಾಡುವ ಒಂದು ದೃಶ್ಯ ಬೇಕಿದ್ದರೆ ಇಟ್ಟುಕೊಳ್ಳಿ.

ರಕ್ತಪಿಶಾಚಿ ಬಿಸಿಲಿಗೆ ಸುಡುತ್ತದೆ ಅನ್ನುವ ಮಾತು ಬೇಗ ಮುಗಿಯುತ್ತದೆ. ಸುಡುವುದು ನೇರಳಾತೀತ ಕಿರಣ ಅಂತಾದರೆ ಎಲ್ಇಡಿ ಬಲ್ಬಿನ ಕೆಳಗೆ ಅದು ಆರಾಮ, ತೆಳು ಮೋಡದ ಹಗಲಿನಲ್ಲಿ ಅಪಾಯ. ಮೋಡ ಕವಿದಿದೆ ಅಂತ ಹೊರಗೆ ಕಳಿಸಿಬಿಡುವುದು ಮಾಮೂಲಿ ತಪ್ಪು.

ಕಥೆಯ ಕಾಲವನ್ನೂ ಮೊದಲೇ ನಿರ್ಧರಿಸಿ. ಯೀಸ್ಟಿನಲ್ಲಿ ಬೆಳೆಸಿದ ಹೀಮ್ ಬೆರೆಸಿದ ಸಸ್ಯಾಹಾರಿ ಬರ್ಗರ್ 2016ರಲ್ಲೇ ಮಾರಾಟಕ್ಕೆ ಬಂದಿದೆ. ಅದಕ್ಕಿಂತ ಈಚಿನ ಕಥೆಯಾದರೆ ಆ 13 ಜನರಲ್ಲಿ ಯಾರೋ ಒಬ್ಬರು ಒಂದು ಬರ್ಗರ್ ತಂದು ಮುಂದಿಡುತ್ತಾರೆ. ಆಗ ಏಲಿಯನ್ ಏನು ಮಾಡುತ್ತದೆ ಅನ್ನುವುದನ್ನು ನೀವು ಬರೆಯಲೇಬೇಕು.